ಹೊಂದಿಸಿ 1, ಹೊಂದಿಸಿ 2, ಹೊಂದಿಸಿ 3

ಹೋದ ವರ್ಷ ವ್ಯಾಯಾಮದ ಆ್ಯಪ್ ಒಂದು ಕನ್ನಡದಲ್ಲೂ ಬಂತು. ಅದರ ಕನ್ನಡ ನನ್ನದು. ಬಂದ ಮೂರನೇ ದಿನಕ್ಕೆ ಗೆಳತಿಯೊಬ್ಬಳು ಸ್ಕ್ರೀನ್‌ಶಾಟ್ ಕಳಿಸಿ, ಕೆಳಗೆ ಒಂದಕ್ಷರ ಬರೆಯದೆ, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುವ ಮುಖ ನಾಲ್ಕು ಹಾಕಿದ್ದಳು. ಪರದೆಯಲ್ಲಿ ಒಬ್ಬ ಕಟ್ಟುಮಸ್ತಾದ ಆಸಾಮಿ ದಂಡ ಹೊಡೆಯುತ್ತಿದ್ದಾನೆ. ಅವನ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಹೊಂದಿಸಿ 1’. ಅದು ಮುಗಿದರೆ ‘ಹೊಂದಿಸಿ 2’. ನಡುವೆ ಆಸಾಮಿ ಸುಸ್ತಾಗಿ ಕೂತು ನೀರು ಕುಡಿಯುತ್ತಾನೆ, ಆಗ ‘ಉಳಿದವು: 30 ಸೆಕೆಂಡು’.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ನಾವು ಅನುವಾದ ಮಾಡುವಾಗ ಆ್ಯಪ್ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಸಿಗುವುದು ಉದ್ದನೆಯ ಒಂದು ಎಕ್ಸೆಲ್ ಹಾಳೆ. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ. ಸಾಲುಗಳು ಪರದೆಯಲ್ಲಿ ಬರುವ ಕ್ರಮದಲ್ಲೂ ಇರುವುದಿಲ್ಲ, ಸಂತೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ ಎಲ್ಲೆಲ್ಲೋ ನಿಂತಿರುತ್ತವೆ. ‘ಸೆಟ್’ ಅನ್ನುವ ಸಾಲಿನ ಹಿಂದಿನದು ಅಲಾರಂ, ಮುಂದಿನದು ಭಾಷೆ. ಅಲಾರಂ ಹೊಂದಿಸಿ, ಭಾಷೆ ಹೊಂದಿಸಿ, ಸರಿ, ‘ಹೊಂದಿಸಿ’ ಅಂತ ಬರೆದು ಮುಂದೆ ಹೋದೆ. ದಂಡದ ಲೆಕ್ಕಕ್ಕೂ ಅದೇ ಪದ ಅಂತ ಹೊಳೆಯಲಿಲ್ಲ. ‘ರೆಸ್ಟ್’ ಅಂದರೆ ವಿಶ್ರಾಂತಿಯೂ ಹೌದು, ಮಿಕ್ಕಿದ್ದೂ ಹೌದು. ನನ್ನ ಪಾಲಿಗೆ ಮಿಕ್ಕಿದ್ದೇ ಬಂತು. ಪರಿಶೀಲನೆ ಮಾಡಿದವರಿಗೂ ಹೊಳೆದಿರಲಿಲ್ಲ ಅನ್ನುವುದು ಸಮಾಧಾನವೇನಲ್ಲ.

ತಪ್ಪು ತಿದ್ದಲು ಅರ್ಧ ಗಂಟೆ ಸಾಕಾಯಿತು. ಪದ ಮಾತ್ರ ತಲೆ ಬಿಟ್ಟು ಇಳಿಯಲಿಲ್ಲ. ಸೆಟ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಏನು ಹೇಳಬೇಕು? ಈ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟದ್ದು ಇದೇ ಮೊದಲಲ್ಲ ಬೇರೆ.

ಪಂಪ್‌ಸೆಟ್ಟಿನ ಗಣ

2013ರ ಜೂನ್. ತಿಪಟೂರಿನ ಒಂದು ಕಾಲೇಜಿನಲ್ಲಿ ಮೊದಲ ಪಿಯುಸಿ, ಗಣಿತದ ಮೊದಲ ತರಗತಿ. ಹತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಗಣಿತದಲ್ಲಿ ಒಳ್ಳೆ ನಂಬರು ತೆಗೆದುಕೊಂಡು, ಆ ಧೈರ್ಯದ ಮೇಲೆ ವಿಜ್ಞಾನಕ್ಕೆ ಸೇರಿದ್ದೆ. ಮೇಷ್ಟ್ರು ಬಂದವರೇ ಬೋರ್ಡಿನ ಮೇಲೆ ‘ಸೆಟ್ಸ್’ ಅಂತ ಬರೆದು, ಇಂಗ್ಲಿಷಿನಲ್ಲೊಂದು ವ್ಯಾಖ್ಯೆ ಹೇಳಿ, ಮೂರನೇ ಬೆಂಚಿನ ತುದಿಯಲ್ಲಿದ್ದ ನನ್ನ ಕಡೆ ಸೀಮೆಸುಣ್ಣ ತೋರಿಸಿ ಒಂದು ಉದಾಹರಣೆ ಕೊಡು ಅಂದರು. ಉದಾಹರಣೆ ಅನ್ನುವುದೊಂದು ಅರ್ಥವಾಯಿತು, ಸೆಟ್ ಅನ್ನುವುದು ಕಿವಿಗೆ ಬಿತ್ತು. ಎದ್ದು ನಿಂತು ‘ಪಂಪ್‌ಸೆಟ್’ ಅಂದೆ.

ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದವರು ನಕ್ಕ ಬಗೆ ಇವತ್ತಿಗೂ ನೆನಪಿದೆ. ಮೇಷ್ಟ್ರು ನಗಲಿಲ್ಲ. ‘ಸರಿ, ಪಂಪ್‌ಸೆಟ್ಟಲ್ಲಿ ಏನೇನಿರುತ್ತಮ್ಮ?’ ಅಂದರು. ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ: ಮೋಟ್ರು, ಪಂಪು, ಪೈಪು, ಕೇಬಲ್ಲು, ಸ್ಟಾರ್ಟರ್ರು. ಅವರು ಬೋರ್ಡಿನ ಮೇಲೆ ದೊಡ್ಡದಾಗಿ ‘ಪಿ’ ಬರೆದು, ಸಮ ಚಿಹ್ನೆ ಹಾಕಿ, ಪುಷ್ಪಾವರಣದ ಒಳಗೆ ಐದನ್ನೂ ಅಲ್ಪವಿರಾಮ ಕೊಟ್ಟು ಕೊಟ್ಟು ಬರೆದರು. ‘ಇದು ಸೆಟ್. ಇವಳು ಹೇಳಿದ್ದು ಸರಿ. ಬಕೆಟ್ಟು ಇದರೊಳಗಿಲ್ಲ, ಅದೂ ಗೊತ್ತಾಗುತ್ತೆ.’ ಆಮೇಲೆ ಸುತ್ತಲಿನ ಊರುಗಳ ಹುಡುಗರೆಲ್ಲ ಸೇರಿ ಸ್ಟಾರ್ಟರ್ ಸೆಟ್ಟಿನ ಒಳಗೆ ಬರುತ್ತೋ ಇಲ್ಲವೋ ಅಂತ ಐದು ನಿಮಿಷ ಜಗಳವಾಡಿದರು. ಕರೆಂಟಿನವರ ಕಾಗದದಲ್ಲೆಲ್ಲ ನೀರಾವರಿ ಪಂಪ್‌ಸೆಟ್ಟಿಗೆ ‘ಐಪಿ ಸೆಟ್’ ಅಂತಲೇ ಇರುವುದು, 2008ರಿಂದ 10 ಎಚ್‌ಪಿವರೆಗಿನವಕ್ಕೆ ಸರ್ಕಾರ ಬಿಲ್ಲು ಹಾಕುವುದಿಲ್ಲ, ಹಾಗಾಗಿ ಸೆಟ್ ಅಂದರೆ ಏನು ಅಂತ ನಮ್ಮ ಕಡೆಯ ಹುಡುಗರಿಗೆ ಸ್ಪಷ್ಟವಾದ ಅಭಿಪ್ರಾಯಗಳಿದ್ದವು.

ನಿಜವಾದ ನೋವು ಬಂದದ್ದು ಒಂದು ವಾರದ ಮೇಲೆ. ಬೋರ್ಡಿನ ಮೇಲೆ ಎರಡು ವೃತ್ತ, ಒಂದನ್ನೊಂದು ಅರ್ಧ ನುಂಗಿದ ಹಾಗೆ, ನಡುವಿನ ಬಾದಾಮಿಯಾಕಾರಕ್ಕೆ ಗೆರೆ. ಅಯ್ಯೋ, ಇದು ವೆನ್ ಚಿತ್ರ! ಇದು ಛೇದನ! ಸೆಟ್ ಅಂದರೆ ಗಣ! ಹತ್ತನೇ ತರಗತಿಯಲ್ಲಿ ಗಣಗಳ ಪಾಠ ನನಗೆ ಬಾಯಿಪಾಠವಾಗಿತ್ತು. ಉಪಗಣ, ಶೂನ್ಯಗಣ, ಪೂರಕ ಗಣ, ಡಿ ಮಾರ್ಗನ್ನನ ನಿಯಮ, ಎಲ್ಲ. ಗೊತ್ತಿದ್ದ ಪಾಠವನ್ನೇ ಒಂದು ವಾರ ಪರಕೀಯಳ ಹಾಗೆ ಕೂತು ಕೇಳಿದ್ದೆ. (ಆ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ಪಕ್ಕದ ತಮಿಳುನಾಡಿನ ಮಧುರೆಯಲ್ಲಿ. ಆಗ ಯಾರಾದರೂ ಹೇಳಿದ್ದರೆ ಸ್ವಲ್ಪ ಧೈರ್ಯ ಬರುತ್ತಿತ್ತೇನೋ.) ಹಾಗಂತ ಗಣ ಅನ್ನುವುದೇನು ಏಕಾರ್ಥದ ಸಾಧು ಪದವೇ? ಬೆಳಿಗ್ಗೆ ಕನ್ನಡದ ಪೀರಿಯಡ್ಡಿನಲ್ಲಿ ಯಮಾತಾರಾಜಭಾನಸಲಗಂ ಹೇಳಿಕೊಂಡು ಪ್ರಸ್ತಾರ ಹಾಕಿದ್ದೂ ಗಣ, ಮಧ್ಯಾಹ್ನ ಪುಷ್ಪಾವರಣದಲ್ಲಿ ಕೂಡಿಹಾಕಿದ್ದೂ ಗಣ, ಶಿವರಾತ್ರಿಯ ರಾತ್ರಿ ಅಜ್ಜಿ ಹೇಳುವ ಕಥೆಯಲ್ಲಿ ಶಿವನ ಹಿಂದೆ ಕುಣಿಯುತ್ತಾ ಬರುವವರೂ ಗಣ. ನಮಗೆ ಒಂದು ದಿನವೂ ಗೊಂದಲವಾಗಲಿಲ್ಲ. ಸ್ವಂತ ಭಾಷೆಯಲ್ಲಿ ಪದಕ್ಕೆ ನೂರು ಅರ್ಥವಿದ್ದರೂ ಅದು ನಮ್ಮ ಗಮನಕ್ಕೇ ಬರುವುದಿಲ್ಲ. ಪರಭಾಷೆಯದು ಎರಡಾದರೂ ಎಡವುತ್ತೇವೆ.

ಅರವತ್ತು ಸಾವಿರ ಪದದ ಪದ

ಸ್ಕ್ರೀನ್‌ಶಾಟಿನ ಅವಮಾನದ ಮೇಲೆ ನಿಘಂಟು ತೆಗೆದು ಕೂತೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 20 ಸಂಪುಟ. ಅದರಲ್ಲಿ ಅತಿ ಉದ್ದದ ನಮೂದು ಇದೇ ಸೆಟ್ ಕ್ರಿಯಾಪದದ್ದು. ಅರ್ಥಗಳು 430ಕ್ಕೂ ಹೆಚ್ಚು, ವಿವರಣೆ ಸುಮಾರು 60 ಸಾವಿರ ಪದ. ಒಂದು ಸಣ್ಣ ಕಾದಂಬರಿಯಷ್ಟು! ಈ ಪಟ್ಟ ಈಗ ಅದರ ತಲೆಯ ಮೇಲಿಲ್ಲ. 2011ರ ಹೊತ್ತಿಗೆ ‘ರನ್’ ಅನ್ನುವ ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿದ್ದರು. ಪೀಟರ್ ಗಿಲಿವರ್ ಅನ್ನುವ ಸಂಪಾದಕರು ಆ ಒಂದೇ ಪದದ ಜೊತೆ ಒಂಬತ್ತು ತಿಂಗಳು ಕಳೆದರು. ಯಂತ್ರಗಳು ಬಂದಷ್ಟೂ ಓಡುವ ವಸ್ತುಗಳು ಹೆಚ್ಚಾದವು, ಪದವೂ ಅವುಗಳ ಹಿಂದೆ ಓಡಿತು. ಸೆಟ್ ಸ್ವಭಾವತಃ ಕೂತಲ್ಲೇ ಕೂರುವಂಥದ್ದು, ಹಿಂದೆ ಬಿತ್ತು.

ಕೂರುವಂಥದ್ದು ಅಂತ ತಮಾಷೆಗೆ ಹೇಳಲಿಲ್ಲ. ಮೂಲದಲ್ಲಿ ಸೆಟ್ ಅನ್ನುವುದೇ ಎರಡು ಬೇರೆ ಬೇರೆ ಪದ. ಗುಂಪು ಅನ್ನುವ ಅರ್ಥದ ಸೆಟ್, ಅಂದರೆ ಸೆಟ್ ದೋಸೆಯ ಸೆಟ್, ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದದ್ದು. ಅದರರ್ಥ ಪಂಥ, ಒಬ್ಬರನ್ನು ಹಿಂಬಾಲಿಸಿ ಹೋಗುವವರು. ಹಿಂಬಾಲಿಸು ಅನ್ನುವ ಅದರ ಧಾತುವಿಗೆ ಸಂಸ್ಕೃತದಲ್ಲೊಬ್ಬ ಅಣ್ಣನಿದ್ದಾನೆ, ಸಚ್. ಜೊತೆಗಿರು, ಬೆನ್ನಿಗಿರು. ಸಚಿವ ಬಂದದ್ದು ಅದರಿಂದ. ಹೀಗೆ ಸಾಗು ಚಟ್ನಿ ಜೊತೆ ಬರುವ ಮೂರು ಮೆತ್ತನೆಯ ದೋಸೆಗೂ ವಿಧಾನಸೌಧದ ಸಚಿವರಿಗೂ ದೂರದ ನೆಂಟಸ್ತಿಕೆ. ಇಬ್ಬರೂ ಒಬ್ಬೊಬ್ಬರೇ ಬರುವುದಿಲ್ಲ ಅನ್ನುವುದೂ ನಿಜ.

ಇನ್ನೊಂದು, ಕ್ರಿಯಾಪದದ ಸೆಟ್, ಅಚ್ಚ ಹಳೆಯ ಇಂಗ್ಲಿಷಿನ ‘ಸೆಟ್ಟನ್’. ‘ಸಿಟ್’ ಅನ್ನುವುದರ ಪ್ರೇರಣಾರ್ಥಕ ರೂಪ. ನಮ್ಮಲ್ಲಿ ಓಡು ಓಡಿಸು, ನಗು ನಗಿಸು ಇದ್ದ ಹಾಗೆ. ಇದರ ಸಂಸ್ಕೃತದ ದಾಯಾದಿ ‘ಸದ್’. ಪರಿಷತ್ತು, ಸಂಸತ್ತು, ಸದಸ್ಯ, ಉಪನಿಷತ್ತು ಎಲ್ಲ ಆ ಧಾತುವಿನವು, ಎಲ್ಲ ಕೂರುವ ವ್ಯವಹಾರವೇ. ಪ್ರಸಾದವೂ ವಿಷಾದವೂ ಅದೇ ಮನೆಯವು. ಆ ಸಂಜೆ ನಿಘಂಟು ಮುಚ್ಚುವ ಮೊದಲು ಒಂದು ಕಾಗದದ ಮೇಲೆ ಬರೆದುಕೊಂಡೆ: ಸಿಟ್, ಕೂರು. ಸೆಟ್, ಕೂರಿಸು. ಇಷ್ಟು ವರ್ಷ ‘ಹೊಂದಿಸಿ’ ಅಂತ ಬರೆದುಕೊಂಡು ಬಂದ ಪದದ ನೇರ ಕನ್ನಡ ಇಷ್ಟು ಹತ್ತಿರದಲ್ಲಿತ್ತು.

ಮಂಕರಿಯಲ್ಲಿ ಕೋಳಿ

ಹಾಗೆ ಬರೆದ ಮೇಲೆ ನಿಘಂಟಿನ ಸಾಲುಗಳು ಬೇರೆಯಾಗಿ ಕಾಣತೊಡಗಿದವು. ಮುರಿದ ಮೂಳೆಯನ್ನು ಇಂಗ್ಲಿಷಿನವರು ಸೆಟ್ ಮಾಡುತ್ತಾರೆ, ನಮ್ಮ ನಾಟಿ ವೈದ್ಯರು ಕೂರಿಸುತ್ತಾರೆ. ಅವರು ಉಂಗುರಕ್ಕೆ ಕಲ್ಲು ಸೆಟ್ ಮಾಡಿದರೆ ನಮ್ಮ ಅಕ್ಕಸಾಲಿಗರು ಹರಳು ಕೂರಿಸುತ್ತಾರೆ. ದಸರಾಕ್ಕೆ ಬೊಂಬೆ ಕೂರಿಸುತ್ತೇವೆ, ಭಾದ್ರಪದಕ್ಕೆ ಗಣಪತಿ ಕೂರಿಸುತ್ತೇವೆ. ಚಂದಾ ಎತ್ತಲು ಬಂದ ಹುಡುಗರು ‘ಅಣ್ಣಾ, ಗಣಪತಿ ಕೂರಿಸ್ತಿದೀವಿ’ ಅಂದಾಗ, ಸಾವಿರ ವರ್ಷದ ಹಿಂದಿನ ಇಂಗ್ಲಿಷಿನವನಿಗೆ ಅದನ್ನು ಅನುವಾದ ಮಾಡಿ ಹೇಳಿದರೆ ‘ಸೆಟ್ಟನ್’ ಅಂತಲೇ ಹೇಳಬೇಕು. ಆಮೇಲೆ ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಮೊಟ್ಟೆಯ ಮೇಲೆ ಕೋಳಿಯನ್ನು ಕಾವಿಗೆ ಇಡುವುದಕ್ಕೂ ಇಂಗ್ಲಿಷಿನಲ್ಲಿ ಸೆಟ್ ಅನ್ನುತ್ತಾರೆ.

ಅಜ್ಜಿ ಕೋಳಿ ಕೂರಿಸುತ್ತಿದ್ದುದು ಕತ್ತಲಾದ ಮೇಲೆ. ಒಂದೆರಡು ದಿನದಿಂದ ಕೊರ್ ಕೊರ್ ಅನ್ನುತ್ತಾ, ಗರಿ ಕೆದರಿಕೊಂಡು, ಯಾರಾದರೂ ಹತ್ತಿರ ಬಂದರೆ ಕುಕ್ಕಲು ಬರುತ್ತಿದ್ದರೆ ಅದಕ್ಕೆ ಕಾವು ಬಂದಿದೆ ಅಂತ ಲೆಕ್ಕ. ಹಳೆಯ ಮಂಕರಿಯ ತಳಕ್ಕೆ ಬೂದಿ, ಅದರ ಮೇಲೆ ರಾಗಿ ಹುಲ್ಲು ದುಂಡಗೆ ಸುತ್ತಿ ನಡುವೆ ಕೈಯಿಂದ ಒತ್ತಿ ಗುಳಿ ಮಾಡುತ್ತಿದ್ದಳು. ಮೊಟ್ಟೆ ಬೆಸ ಸಂಖ್ಯೆಯಲ್ಲೇ ಇರಬೇಕು, ಒಂಬತ್ತೋ ಹನ್ನೊಂದೋ. ಪ್ರತಿ ಮೊಟ್ಟೆಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರು ಕುಲುಕಿದ ಸದ್ದು ಬಂದರೆ ಪಕ್ಕಕ್ಕಿಡುವಳು. ಮೂಲೆಯಲ್ಲಿ ಒಂದು ತುಕ್ಕು ಹಿಡಿದ ಮೊಳೆ, ಒಂದು ಇದ್ದಿಲ ಚೂರು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಎಲ್ಲ ಸಿದ್ಧವಾದ ಮೇಲೆ ಕೋಳಿಯನ್ನು ಎರಡೂ ಕೈಯಲ್ಲಿ ಎತ್ತಿ, ಮೊಟ್ಟೆಯ ಮೇಲೆ ಇಳಿಸಿ, ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಬುಡ್ಡಿ ದೀಪ ಹಿಡಿದ ನನಗೆ ಕೈ ನೋಯುತ್ತಿತ್ತು. ‘ಆಯ್ತಲ್ಲ ಅಜ್ಜಿ, ಕೂರಿಸಿದ್ಯಲ್ಲ, ಬಾ’ ಅಂದರೆ, ‘ಕೂರಿಸೋದು ನಾನು ಕಣೇ, ಕೂರೋದು ಅದ್ರ ಇಷ್ಟ’ ಅನ್ನುವಳು. ಕೆಲವು ಸಲ ಕೋಳಿ ಎದ್ದು ಹೋಗುತ್ತಿತ್ತು. ಮತ್ತೆ ತಂದು ಕೂರಿಸುವುದು. ಅದು ರೆಕ್ಕೆ ಅಗಲಿಸಿ, ಕೊಕ್ಕಿನಿಂದ ಮೊಟ್ಟೆಯನ್ನು ಹೊಟ್ಟೆಯಡಿಗೆ ತಳ್ಳಿಕೊಂಡು, ಮೈಯೆಲ್ಲ ಭಾರ ಬಿಟ್ಟು ಅಗಲವಾದ ಮೇಲೆ ಅಜ್ಜಿ ಕೈ ತೆಗೆಯುವಳು. ಆಮೇಲೆ 21 ದಿನ ಆ ಮೂಲೆಗೆ ಯಾರೂ ಹೋಗುವ ಹಾಗಿಲ್ಲ.

ಪ್ರೇರಣಾರ್ಥಕ ಅಂದರೆ ಏನು ಅಂತ ವ್ಯಾಕರಣದ ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೆನೋ. ಆ ‘ಇಸು’ ಪ್ರತ್ಯಯಕ್ಕೆ ಬುಡ್ಡಿ ದೀಪದ ಬೆಳಕಲ್ಲಿ ಕೋಳಿಯ ಬೆನ್ನ ಮೇಲಿದ್ದ ಅಜ್ಜಿಯ ಕೈಗಿಂತ ಒಳ್ಳೆಯ ಉದಾಹರಣೆ ನನಗಿನ್ನೂ ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಆ ಕೈ ಕಾಣದಷ್ಟು ಸವೆದುಹೋಗಿದೆ. ಸಿಟ್ ಮತ್ತು ಸೆಟ್ ನಡುವೆ ಒಂದು ಸ್ವರ ಮಾತ್ರ ಬೇರೆ, ಅದರಲ್ಲಿ ಕೂರಿಸುವ ಭಾವ ಈಗ ಯಾರಿಗೂ ಕೇಳಿಸುವುದಿಲ್ಲ. ಸೂರ್ಯನೂ ಅವರಲ್ಲಿ ಸೆಟ್ ಆಗುತ್ತಾನೆ. ಅವನನ್ನು ಯಾರು ಕೂರಿಸಿದರೋ. ನಮ್ಮಲ್ಲಿ ಹೊತ್ತು ಮುಳುಗುತ್ತದೆ, ಕರಾವಳಿಯ ಕಡೆ ಕಂತುತ್ತದೆ.

ಮೊಸರು ಏನಾಗಿಲ್ಲ?

ಇಷ್ಟೆಲ್ಲ ಗೊತ್ತಾದ ಮೇಲೆ ನಾನು ಶುದ್ಧ ಕನ್ನಡತಿಯಾದೆ ಅಂದುಕೊಳ್ಳಬೇಡಿ. ಬೆಂಗಳೂರಿನ ಬಾಡಿಗೆ ಮನೆಗೆ ಅಮ್ಮ ಬಂದಿದ್ದಾಗ ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದು ‘ಅಮ್ಮಾ, ಮೊಸರು ಸೆಟ್ಟೇ ಆಗಿಲ್ಲ’ ಅಂದೆ. ಅಮ್ಮ ಒಳಗಿಂದ ‘ಏನಾಗಿಲ್ಲ?’ ಅಂದಳು. ಮತ್ತೆ ಹೇಳಿದೆ. ‘ಹೆಪ್ಪು ಕಟ್ಟಿಲ್ಲ ಅನ್ನು’ ಅಂದಳು. ಗದರಿದ್ದಲ್ಲ, ತಪ್ಪು ಬಾಣಲೆ ಕೈಗೆತ್ತಿಕೊಂಡವಳಿಗೆ ಸರಿಯಾದದ್ದು ತೋರಿಸಿದ ಹಾಗೆ ಅಷ್ಟೆ.

ಅಂದಿನಿಂದ ಕಿವಿ ಆ ಕಡೆಯೇ. ಪಕ್ಕದ ಮನೆಯ ತಾರಸಿಗೆ ಕಾಂಕ್ರೀಟು ಹಾಕಿದ ಮೇಸ್ತ್ರಿ ‘ಸೆಟ್ ಆಗೋವರ್ಗೂ ಯಾರೂ ತುಳೀಬೇಡಿ’ ಅನ್ನುತ್ತಾನೆ. ಹೊಸ ಕೆಲಸಕ್ಕೆ ಸೇರಿದ ತಮ್ಮನನ್ನು ಎಲ್ಲರೂ ‘ಸೆಟ್ ಆದ್ಯಾ?’ ಅಂತ ಕೇಳುತ್ತಾರೆ. ಊರಿನ ನೀರು ಸೆಟ್ ಆಗಲ್ಲ, ಹೊಸ ಕನ್ನಡಕ ಸೆಟ್ ಆಗಲ್ಲ, ಚಿಕ್ಕಪ್ಪನ ಮಗಳಿಗೆ ನೋಡಿದ ಗಂಡು ಸೆಟ್ ಆಗಲ್ಲ. ಇಂಗ್ಲಿಷಿನವನು ಸೆಟ್ಟಿಗೆ ಅಪ್ಪು, ಆಫು, ಔಟು, ಇನ್ನು, ಬ್ಯಾಕು ಅಂತ ಬಾಲ ಅಂಟಿಸಿ ಅರ್ಥ ಬದಲಿಸುತ್ತಾನೆ. ನಮಗೆ ಆಗು, ಮಾಡು ಎರಡೇ ಸಾಕು, ಉಳಿದದ್ದೆಲ್ಲ ಮುಖಭಾವದ ಮೇಲೆ ನಡೆಯುತ್ತದೆ. (ಬಾಲವಿರುವ ‘ಸೆಟಪ್’ ನಮ್ಮೂರ ಕಟ್ಟೆಯಲ್ಲಿ ಬೇರೆಯೇ ವ್ಯವಹಾರಕ್ಕೆ ಮೀಸಲು. ಟಿವಿ ಡಬ್ಬಿಯನ್ನು ಎಲ್ಲರೂ ‘ಸೆಟಪ್ ಬಾಕ್ಸ್’ ಅನ್ನುವಾಗ ಮುಗುಳ್ನಗುವ ಹಿರಿಯರಿದ್ದಾರೆ. ಅದು ಸೆಟ್ ಟಾಪ್, ಟಿವಿ ಸೆಟ್ಟಿನ ತಲೆಯ ಮೇಲೆ ಇಡುವಂಥದ್ದು. ಈಗಿನ ಟಿವಿಗೆ ತಲೆಯೇ ಇಲ್ಲ, ಡಬ್ಬಿ ಗೋಡೆಗೆ ನೇತಾಡುತ್ತದೆ.)

ಒಪ್ಪಿಕೊಳ್ಳುತ್ತೇನೆ, ನನಗೆ ಇದರಲ್ಲಿ ಸ್ವಲ್ಪ ಹೊಟ್ಟೆಯುರಿ ಇದೆ. ಮೊಸರು ಹೆಪ್ಪುಗಟ್ಟುತ್ತಿತ್ತು, ಕಾಂಕ್ರೀಟು ಗಟ್ಟಿಯಾಗುತ್ತಿತ್ತು, ನೀರು ಒಗ್ಗುತ್ತಿತ್ತು, ಕನ್ನಡಕ ಹೊಂದುತ್ತಿತ್ತು, ಕುಪ್ಪಸ ಮೈಗೆ ಕೂರುತ್ತಿತ್ತು, ಸಂಬಂಧ ಕುದುರುತ್ತಿತ್ತು. ಕುದುರು ಎಂಥಾ ಪದ ನೋಡಿ. ವ್ಯಾಪಾರ ಕುದುರುತ್ತದೆ, ಕಾಯಿಲೆ ಬಿದ್ದವರ ಮೈ ಕುದುರುತ್ತದೆ, ಮಾತುಕತೆ ಕುದುರುತ್ತದೆ. ಕೆಟ್ಟು ನಿಂತದ್ದೋ ನಿಂತೇ ಇದ್ದದ್ದೋ ನಿಧಾನವಾಗಿ ಹದಕ್ಕೆ ಬರುವುದು ಅದರೊಳಗಿದೆ. ಆರು ಆಳಿನ ಕೆಲಸ ಒಬ್ಬನ ಕೈಗೆ ಬಂದಿದೆ, ಆ ಒಬ್ಬನಿಗೆ ಯಾವ ಕೆಲಸವೂ ನಾಜೂಕಾಗಿ ಬರುವುದಿಲ್ಲ.

ಆದರೆ ದೂರಿಗೂ ಒಂದು ಮಿತಿ ಇದೆ. ‘ಹೊಡೆ’ ನೋಡಿ. ಗಾಡಿ ಹೊಡೀತೀವಿ, ಬಣ್ಣ ಹೊಡೀತೀವಿ, ಸೈಕಲ್ಲಿಗೆ ಗಾಳಿ ಹೊಡೀತೀವಿ, ಟೀ ಹೊಡೀತೀವಿ, ನಿದ್ದೆ ಹೊಡೀತೀವಿ, ಹುಬ್ಬಳ್ಳಿ ಕಡೆಯವರು ಕಸವನ್ನೂ ಹೊಡೆಯುತ್ತಾರೆ. ಯಾರೂ ಪೆಟ್ಟು ತಿನ್ನುವುದಿಲ್ಲ. ‘ಕಟ್ಟು’ ಕೇಳಿದರೆ ಮನೆ, ಫೀಸು, ಬುತ್ತಿ, ತಾಳಿ, ಮೂಗು, ಎಲ್ಲವನ್ನೂ ಕಟ್ಟಿ ಕೊನೆಗೆ ಬೇಳೆಯ ಕಟ್ಟಿನ ಸಾರಿನವರೆಗೂ ಬರುತ್ತದೆ. ನಮ್ಮ ಪದಗಳೂ ಕಡಿಮೆ ಹೊಟ್ಟೆಬಾಕಗಳಲ್ಲ. ಸೆಟ್ಟನ್ನು ಬರಿದೇ ಎರವಲು ತಂದಿಟ್ಟುಕೊಂಡಿದ್ದೇವೆ ಅನ್ನುವ ಹಾಗೂ ಇಲ್ಲ. ‘ಚಿತ್ರ ಸೆಟ್ಟೇರಿತು’ ಅಂತ ಸಿನಿಮಾ ಪುಟದವರು ಬರೆಯುತ್ತಾರಲ್ಲ, ಅದು ಯಾವ ಇಂಗ್ಲಿಷಿನಲ್ಲಿದೆ? ಹಸೆಮಣೆ ಏರುವ, ಪಟ್ಟ ಏರುವ ಗತ್ತಿನಲ್ಲಿ ಸಿನಿಮಾ ಸೆಟ್ಟು ಏರುತ್ತದೆ, ಮುಹೂರ್ತ ನಡೆದದ್ದು ಯಾವುದೋ ಗಣಪತಿ ಗುಡಿಯಲ್ಲಾದರೂ ಸರಿ. ನನಗೆ ಆ ಪದ ಎಷ್ಟು ಇಷ್ಟವೆಂದರೆ, ಯಾವುದಾದರೂ ಆ್ಯಪಿನಲ್ಲಿ ಅದಕ್ಕೊಂದು ಸಾಲು ಸಿಗಲಿ ಅಂತ ಕಾಯುತ್ತಿದ್ದೇನೆ.

ಇನ್ನೂ ಒಂದು ಉಪಕಾರ ಈ ಪದ ಮಾಡಿದೆ. ಚಿಕ್ಕಪ್ಪನ ಮಗಳು ಆ ಗಂಡನ್ನು ಯಾಕೆ ಬೇಡ ಅಂದಳು ಅಂತ ಮನೆಮಂದಿಯೆಲ್ಲ ಕೇಳಿದಾಗ ‘ಯಾಕೋ ಸೆಟ್ ಆಗ್ಲಿಲ್ಲ’ ಅಂದಳು, ಮಾತು ಅಲ್ಲಿಗೆ ನಿಂತಿತು. ಹೊಂದಲಿಲ್ಲ ಅಂದಿದ್ದರೆ ಯಾರಿಗೆ ಯಾರು ಅಂತ ಪ್ರಶ್ನೆ ಬರುತ್ತಿತ್ತು. ಒಗ್ಗಲಿಲ್ಲ ಅಂದಿದ್ದರೆ ಸೊಕ್ಕು ಅನ್ನಿಸಿಕೊಳ್ಳುತ್ತಿದ್ದಳು. ಹಿಂದಿನವರು ಇಂಥ ಹೊತ್ತಿಗೆ ‘ಕೂಡಿ ಬರಲಿಲ್ಲ’ ಅಂತ ಋಣಾನುಬಂಧದ ಮೇಲೆ ಭಾರ ಹಾಕಿ ಎದ್ದು ಬರುತ್ತಿದ್ದರು. ಅವಳಿಗೆ ಋಣಾನುಬಂಧದಲ್ಲಿ ನಂಬಿಕೆ ಇಲ್ಲ, ಸೆಟ್ ಆಗದೆ ಇರುವುದರಲ್ಲಿ ಇದೆ. ಅವಳ ಬಯೋಡೇಟಾದಲ್ಲಿ ಓದಿನ ಕೆಳಗೆ ‘ನೆಟ್ ಆಗಿಲ್ಲ, ಕೆ-ಸೆಟ್ ಆಗಿದೆ’ ಅಂತ ಇದೆ. ಅಧ್ಯಾಪಕರ ಅರ್ಹತಾ ಪರೀಕ್ಷೆಯ ಮಾತು ಅದು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಓದಿ ‘ಮತ್ತೆ ಆಗ್ಲೇ ಸೆಟ್ ಆಗಿದ್ರೆ ನಮಗ್ಯಾಕೆ ಗಂಡು ಹುಡುಕೋಕೆ ಹೇಳಿದ್ರು?’ ಅಂದಳಂತೆ.

ಹೋದ ವಾರ ಆ ವ್ಯಾಯಾಮದ ಆ್ಯಪಿನವರು ಹೊಸ ಹಾಳೆ ಕಳಿಸಿದರು. ಈ ಸಲ ಪಕ್ಕದಲ್ಲಿ ಇನ್ನೊಂದು ಅಂಕಣವಿದೆ, ಪ್ರತಿ ಪದ ಎಲ್ಲಿ ಬರುತ್ತದೆ ಅಂತ ಒಂದು ಸಾಲು ವಿವರ. ಸೆಟ್ ಮೂರು ಕಡೆ ಇದೆ. ದಂಡದ ಲೆಕ್ಕಕ್ಕೆ ‘ಸುತ್ತು’ ಅಂತ ಬರೆದೆ. ಗರಡಿಮನೆಯಲ್ಲಿ ಏನನ್ನುತ್ತಿದ್ದರೋ ಕೇಳಬೇಕು. ಗುರಿಗೆ ‘ಇಟ್ಟುಕೊಳ್ಳಿ’. ಅಲಾರಮ್ಮಿಗೆ ‘ಕೂರಿಸಿ’ ಅಂತ ಬರೆದು, ಸ್ವಲ್ಪ ಹೊತ್ತು ನೋಡಿ, ಅಳಿಸಿ ‘ಇಡಿ’ ಅಂದೆ. ಅಷ್ಟರಲ್ಲಿ ಅಮ್ಮನ ಫೋನು. ತೋಟದ ಮೋಟ್ರು ಮತ್ತೆ ಸುಟ್ಟಿದೆ, ಮೂರು ದಿನದಿಂದ ತೆಂಗಿಗೆ ನೀರಿಲ್ಲ, ರಿಪೇರಿಯವನು ಇನ್ನು ಇದು ಬರಲ್ಲ ಅಂದನಂತೆ.

‘ಮತ್ತೇನ್ ಮಾಡ್ತಾರೆ?’

‘ನಾಳೆ ಹೊಸ ಸೆಟ್ಟು ಕೂರಿಸ್ತಾರಂತೆ.’

ಎಷ್ಟು ಎಚ್‌ಪಿದು ಅಂತ ಕೇಳಿದೆ. ‘ಅದೆಲ್ಲ ನಂಗೊತ್ತಿಲ್ಲ, ನಿಮ್ಮಣ್ಣನ್ನ ಕೇಳು’ ಅಂದಳು. ಆಮೇಲೆ, ‘ಯಾಕೆ ನಗ್ತಿದೀಯಾ?’